ತಲೆಸುತ್ತಿಗೆ ಎಪ್ಲಿ ಚಿಕಿತ್ಸೆ ಮಾಡಿಸಿದ ಮೇಲೆ ಕೂರುವುದು, ಮಲಗುವುದು, ಬಗ್ಗುವುದು ಹೇಗೆ: ಮೊದಲ ಹದಿನೈದು ನಿಮಿಷದಿಂದ ಒಂದು ತಿಂಗಳವರೆಗೆ

ಹೋದ ತಿಂಗಳು ಒಬ್ಬರು ಅಜ್ಜಿ ಬಂದಿದ್ದರು. ಕುತ್ತಿಗೆಗೆ ಟವೆಲ್ ಸುತ್ತಿಕೊಂಡಿದ್ದರು. ಪಕ್ಕದಲ್ಲಿದ್ದ ಮಗನನ್ನು ನೋಡಬೇಕಾದರೂ ತಲೆ ತಿರುಗಿಸುತ್ತಿರಲಿಲ್ಲ, ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಹನ್ನೊಂದು ರಾತ್ರಿಯಿಂದ ಕುರ್ಚಿಯಲ್ಲೇ ನಿದ್ದೆ. ತಲೆಸುತ್ತಿಗೆ ಎಪ್ಲಿ, ಅಂದರೆ ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸುವ ಚಿಕಿತ್ಸೆ, ಮಾಡಿಸಿದ್ದರು. ಸುತ್ತು ಮಾರನೇ ದಿನವೇ ಹೋಗಿತ್ತಂತೆ. "ಮತ್ತೆ ಯಾಕೆ ಹೀಗೆ ಕೂತಿದ್ದೀರಿ ಅಜ್ಜಿ?" ಅಂದೆ. "ತಲೆ ಅಲ್ಲಾಡಿಸಬೇಡಿ ಅಂದಿದ್ರಲ್ಲಮ್ಮಾ" ಅಂದರು. ಎಷ್ಟು ದಿನ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಅದೇ ವಾರ ಇನ್ನೊಬ್ಬರು ಬಂದರು. ಅವರದು ಇದಕ್ಕೆ ತದ್ವಿರುದ್ಧ. ಬೆಳಿಗ್ಗೆ ಎಪ್ಲಿ ಮಾಡಿಸಿಕೊಂಡು, ಸುತ್ತು ನಿಜವಾಗಿಯೂ ಹೋಗಿದೆಯಾ ನೋಡೋಣ ಅಂತ ಸಂಜೆಯೇ ಮಂಚದ ಮೇಲೆ ನಾಲ್ಕು ಸಲ ಧೊಪ್ಪನೆ ಮಲಗಿ ಎದ್ದಿದ್ದರು.

ನಾನು ಫಿಸಿಯೋಥೆರಪಿಸ್ಟ್. ಈ ಎರಡು ತಪ್ಪುಗಳನ್ನು ಎಷ್ಟು ಸಲ ನೋಡಿದ್ದೇನೆಂದರೆ, ಯಾವ ಹೊತ್ತಿಗೆ ಏನು ಮಾಡಬೇಕು ಅಂತ ಒಂದು ಕಡೆ ಬರೆದಿಡಲೇಬೇಕು ಅನ್ನಿಸಿತು. ಇದು ಬಿಪಿಪಿವಿ ಅನ್ನುವ ತಲೆಸುತ್ತಿಗೆ ಮಾತ್ರ. ಮಲಗಿದಾಗ, ಮಗ್ಗುಲು ಬದಲಿಸಿದಾಗ, ತಲೆ ಎತ್ತಿದಾಗ ಕೋಣೆ ಗಿರಗಿರ ತಿರುಗಿ ಒಂದು ನಿಮಿಷದೊಳಗೆ ನಿಲ್ಲುತ್ತದಲ್ವಾ, ಅದು. ಡಾಕ್ಟರ್ ಪರೀಕ್ಷೆ ಮಾಡಿ ಅದೇ ಅಂತ ಹೇಳಿರಬೇಕು.

## ಮೊದಲು ಇಷ್ಟು ತಿಳಿದಿರಲಿ

ನಮ್ಮ ಒಳಕಿವಿಯಲ್ಲಿ ಸಣ್ಣ ಸಣ್ಣ ಸುಣ್ಣದ ಹರಳುಗಳಿವೆ. ಕ್ಯಾಲ್ಸಿಯಂ ಕಾರ್ಬೋನೇಟ್‌ನವು. ಅವು ಇರಬೇಕಾದ ಜಾಗ ಬಿಟ್ಟು ಪಕ್ಕದ ಅರೆವೃತ್ತದ ಕಾಲುವೆಗೆ ಜಾರಿದರೆ, ತಲೆ ಅಲುಗಿದಾಗ ಅಲ್ಲಿನ ದ್ರವವನ್ನು ತಳ್ಳುತ್ತವೆ. ತಲೆ ನಿಂತರೂ ಮಿದುಳಿಗೆ "ತಿರುಗುತ್ತಿದ್ದೇನೆ" ಅನ್ನುವ ಸುದ್ದಿ ಹೋಗುತ್ತದೆ. ಇದು ಪಿತ್ತ ಏರಿದ್ದರಿಂದ ಬಂದದ್ದಲ್ಲ, ಬಿ.ಪಿ. ಇಳಿದದ್ದರಿಂದಲೂ ಅಲ್ಲ. ಎಪ್ಲಿಯಲ್ಲಿ ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಆ ಹರಳುಗಳನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತಾರೆ.

## ಮನೆಯಲ್ಲಿ ಸಿದ್ಧ ಮಾಡಿಡಬೇಕಾದ್ದು

ಚಿಕಿತ್ಸೆಗೆ ಹೊರಡುವ ಮೊದಲೇ ಇವನ್ನು ಜೋಡಿಸಿಡಿ. ಮನೆಗೆ ಬಂದ ಮೇಲೆ ಹುಡುಕುತ್ತಾ ಬಗ್ಗಿ ಏಳುವ ಕಷ್ಟ ತಪ್ಪುತ್ತದೆ.

ಮೂರು ನಾಲ್ಕು ಗಟ್ಟಿ ದಿಂಬು. ಬಚ್ಚಲಿಗೆ ಒಂದು ಸ್ಟೂಲ್ ಅಥವಾ ಪ್ಲಾಸ್ಟಿಕ್ ಕುರ್ಚಿ. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪ. ವಾಂತಿ ಬಂದರೆ ಇರಲಿ ಅಂತ ಬ್ಯಾಗಿನಲ್ಲಿ ಒಂದೆರಡು ಪ್ಲಾಸ್ಟಿಕ್ ಕವರ್. ಜೊತೆಗೆ ಒಬ್ಬರು ಬರಲೇಬೇಕು. ಆಸ್ಪತ್ರೆಗೆ ಒಬ್ಬರೇ ಸ್ಕೂಟರ್‌ನಲ್ಲಿ ಹೋಗಬೇಡಿ, ಯಾಕೆಂದರೆ ವಾಪಸ್ ಓಡಿಸಿಕೊಂಡು ಬರೋಕೆ ಆಗುವುದಿಲ್ಲ.

## ಹಂತ 1: ಡಾಕ್ಟರ ಕೋಣೆ ಬಿಡುವ ಮೊದಲು ಕೇಳಿ ಬರೆದುಕೊಳ್ಳಿ

ಯಾವ ಕಿವಿ, ಎಡವೋ ಬಲವೋ? ಯಾವ ಕಾಲುವೆ? ಮತ್ತೆ ಯಾವಾಗ ತೋರಿಸಬೇಕು? ಈ ಮೂರನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.

ಕಾಲುವೆ ಯಾವುದು ಅಂತ ಹೆಚ್ಚಿನವರು ಕೇಳುವುದೇ ಇಲ್ಲ. ಆದರೆ ಮನೆಯಲ್ಲಿ ಹೇಗೆ ಮಲಗಬೇಕು ಅನ್ನುವುದು ಅದರ ಮೇಲೇ ನಿಂತಿದೆ. ಜಾಸ್ತಿ ಜನರಿಗೆ ಹರಳು ಸೇರುವುದು ಹಿಂದಿನ ಕಾಲುವೆಗೆ. ಎಪ್ಲಿ ಮಾಡುವುದು ಇದಕ್ಕೇ. ಕೆಲವರಿಗೆ ಅಡ್ಡ ಕಾಲುವೆಗೆ ಸೇರಿರುತ್ತದೆ. ಅವರಿಗೆ ಮಾಡುವ ಚಿಕಿತ್ಸೆಯೇ ಬೇರೆ. ಆಮೇಲೆ ರಾತ್ರಿಯಿಡೀ ಒಂದೇ ಮಗ್ಗುಲಲ್ಲಿ, ಸಾಮಾನ್ಯವಾಗಿ ಒಳ್ಳೆಯ ಕಿವಿ ಕೆಳಗಾಗುವಂತೆ, ಮಲಗಲು ಹೇಳುವುದುಂಟು. ಇದರಲ್ಲೇ ಇನ್ನೊಂದು ಬಗೆಯಿದೆ, ಅದಕ್ಕೆ ಮಗ್ಗುಲು ಅದಲುಬದಲಾಗುತ್ತದೆ. ಅದಕ್ಕೇ ಪಕ್ಕದ ಮನೆಯವರಿಗೆ ಹೇಳಿದ ಸಲಹೆ ನಿಮಗೆ ಹೊಂದುತ್ತದೆ ಅಂತ ಹೇಳಲಾಗುವುದಿಲ್ಲ. ನಿಮ್ಮದು ಅಡ್ಡ ಕಾಲುವೆಯದಾದರೆ ಹಂತ 4 ಬಿಟ್ಟುಬಿಡಿ, ಡಾಕ್ಟರ್ ಹೇಳಿದ ಮಗ್ಗುಲಲ್ಲೇ ಮಲಗಿ.

## ಹಂತ 2: ಮೊದಲ ಹದಿನೈದು ನಿಮಿಷ ಕುರ್ಚಿಯಲ್ಲೇ ಇರಿ

ಕೊನೆಯ ಭಂಗಿಯಿಂದ ಎಬ್ಬಿಸಿ ಕೂರಿಸಿದ ಕೂಡಲೇ ಚಪ್ಪಲಿ ಹುಡುಕಬೇಡಿ. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ, ಎರಡೂ ಪಾದ ನೆಲಕ್ಕೆ ಊರಿ, ಎದುರಿಗಿರುವ ಒಂದು ವಸ್ತುವನ್ನು ನೋಡುತ್ತಾ ಕೂತಿರಿ.

ಈ ಹೊತ್ತಿನಲ್ಲಿ ಕೆಲವರಿಗೆ ಯಾರೋ ಹಿಂದಿನಿಂದ ನೂಕಿದ ಹಾಗೆ, ಅಥವಾ ಕುರ್ಚಿಯೇ ಹಿಂದಕ್ಕೆ ಮಗುಚಿದ ಹಾಗೆ ಆಗುತ್ತದೆ. ಹರಳು ತನ್ನ ಜಾಗಕ್ಕೆ ಬೀಳುವಾಗ ಹೀಗಾಗಬಹುದು. ಕ್ಷಣದಲ್ಲಿ ಹೋಗುತ್ತದೆ. ಆದರೆ ಅದೇ ಕ್ಷಣದಲ್ಲಿ ಮೆಟ್ಟಿಲ ಮೇಲಿದ್ದರೆ ಬೀಳುವುದೇ. ಜೊತೆಗೆ ಬಂದವರು ಔಷಧಿ ಅಂಗಡಿಗೆ ಹೋಗುವುದನ್ನು ಹದಿನೈದು ನಿಮಿಷ ಮುಂದಕ್ಕೆ ಹಾಕಿ ಪಕ್ಕದಲ್ಲೇ ನಿಂತಿರಲಿ. ಹೊಟ್ಟೆ ತೊಳಸುವುದು, ಬೆವರುವುದು ಇದ್ದರೆ ಅದು ಇಳಿಯುವ ತನಕ ಕೂತಿರಿ. ಅರ್ಧ ಗಂಟೆಯಾದರೂ ಸರಿ.

## ಹಂತ 3: ಮನೆಗೆ ಹೋಗುವಾಗ

ಕಾರೋ ಆಟೋನೋ ಸಾಕು. ತಲೆ ನೇರ ಇಟ್ಟು ಕೂರಿ. ಹಂಪ್ ಬಂದಾಗ ಮುಂದಿನ ಕಂಬಿ ಹಿಡಿದುಕೊಳ್ಳಿ. ಕೆಲವರು ಹಂಪ್ ಕುಲುಕಿದರೆ ಹರಳು ಮತ್ತೆ ಉದುರುತ್ತದೆ ಅಂತ ಹೆದರಿ ಉಸಿರು ಬಿಗಿಹಿಡಿದು ಕೂರುತ್ತಾರೆ. ಒಂದು ಸಾಮಾನ್ಯ ಆಟೋ ಪ್ರಯಾಣಕ್ಕೆ ಅಷ್ಟು ಭಯ ಬೇಡ. ಸೀಟು ಪೂರಾ ಹಿಂದಕ್ಕೆ ಮಾಡಿ ಮಲಗಬೇಡಿ, ಅಷ್ಟೇ. ದೂರದ ಊರಿನವರು ಅದೇ ರಾತ್ರಿ ಸ್ಲೀಪರ್ ಬಸ್ ಹತ್ತುವ ಬದಲು ಸಾಧ್ಯವಾದರೆ ಒಂದು ದಿನ ನೆಂಟರ ಮನೆಯಲ್ಲಿ ಉಳಿಯಿರಿ. ಉಳಿಯಲಾಗದಿದ್ದರೆ ಕೂರುವ ಸೀಟಿನ ಬಸ್ ಹಿಡಿಯಿರಿ.

ಗಾಡಿ ಓಡಿಸುವುದು ಅವತ್ತು ಬೇಡವೇ ಬೇಡ. ಮುಂದೆ ಯಾವಾಗ? ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಸರಕ್ಕನೆ ನೋಡಿದರೂ ಸುತ್ತು ಬರುವುದಿಲ್ಲ ಅಂತ ಖಾತ್ರಿಯಾದ ಮೇಲೆ.

## ಹಂತ 4: ಮೊದಲ ಎರಡು ರಾತ್ರಿ

ಎಲ್ಲರೂ ಗೊಂದಲ ಮಾಡಿಕೊಳ್ಳುವುದು ಇಲ್ಲೇ. "48 ಗಂಟೆ ಮಲಗಲೇಬಾರದು" ಅಂತ ಒಬ್ಬರು, "ಏನೂ ಬೇಡ, ಆರಾಮಾಗಿ ಮಲಗಿ" ಅಂತ ಇನ್ನೊಬ್ಬರು. ಎರಡೂ ಡಾಕ್ಟರುಗಳದ್ದೇ ಮಾತು. ಯಾವುದನ್ನು ನಂಬಬೇಕು?

ಈ ಚಿಕಿತ್ಸೆ ಕಂಡುಹಿಡಿದ ಡಾ. ಜಾನ್ ಎಪ್ಲಿ 1992ರಲ್ಲಿ ಅದನ್ನು ಪ್ರಕಟಿಸಿದಾಗ ಎರಡು ದಿನ ತಲೆ ಎತ್ತರದಲ್ಲಿರಬೇಕು ಅಂತ ಹೇಳಿದ್ದರು. ಹಳೆಯ ಪದ್ಧತಿ ಅಲ್ಲಿಂದ ಬಂದದ್ದು. ಆಮೇಲೆ ಸಾಕಷ್ಟು ಅಧ್ಯಯನಗಳಾದವು. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ಪರಿಶೀಲನೆಯಲ್ಲಿ ಈ ಕಟ್ಟುಪಾಡುಗಳಿಂದ ಸಣ್ಣ ಲಾಭ ಕಂಡಿತು. ಅಮೆರಿಕದ ಇ.ಎನ್.ಟಿ. ವೈದ್ಯರ ಅಕಾಡೆಮಿ ಮಾತ್ರ 2017ರ ಮಾರ್ಗಸೂಚಿಯಲ್ಲಿ, ಹಿಂದಿನ ಕಾಲುವೆಯ ಚಿಕಿತ್ಸೆಯಾದ ಮೇಲೆ ಇಂಥ ಕಟ್ಟುಪಾಡು ಹಾಕಬೇಡಿ ಅಂತಲೇ ಹೇಳಿದೆ.

ನನ್ನ ಅಭಿಪ್ರಾಯ ಹೀಗಿದೆ. ನಿಮ್ಮ ಡಾಕ್ಟರ್ ಏನೂ ಬೇಡ ಅಂದಿದ್ದರೆ ಮಲಗುವುದಕ್ಕೆ ನೀವಾಗಿ ಕಟ್ಟುಪಾಡು ಹಾಕಿಕೊಳ್ಳಬೇಡಿ, ಒಂದು ದಿಂಬಿಟ್ಟು ಮಲಗಿ. ಒಂದೆರಡು ರಾತ್ರಿ ತಲೆ ಎತ್ತರಿಸಿ ಅಂದಿದ್ದರೆ ಹಾಗೆ ಮಾಡಿ. ಅದರಿಂದ ಕೆಡುಕಿಲ್ಲ. ಆದರೆ ಎರಡು ಅಂದರೆ ಎರಡೇ ರಾತ್ರಿ. ಸೊಂಟನೋವು, ಕುತ್ತಿಗೆನೋವು ಇರುವ ವಯಸ್ಸಾದವರಿಗೆ ನಿದ್ದೆಗೆಟ್ಟರೆ ತಲೆ ಇನ್ನೂ ತೇಲುತ್ತದೆ, ರಾತ್ರಿ ಎದ್ದು ಬೀಳುವ ಅಪಾಯವೂ ಜಾಸ್ತಿ. ಅಂಥವರು ಇದನ್ನು ಬಿಡಬಹುದಾ ಅಂತ ಡಾಕ್ಟರನ್ನು ಕೇಳಿಯೇ ಬನ್ನಿ.

ಎತ್ತರಿಸುವಾಗ ಆಗುವ ತಪ್ಪು ಒಂದೇ: ತಲೆಯ ಕೆಳಗೆ ನಾಲ್ಕು ದಿಂಬು ಪೇರಿಸುವುದು. ಆಗ ಗಲ್ಲ ಎದೆಗೆ ಒತ್ತಿ ಕುತ್ತಿಗೆ ಮಾತ್ರ ಮಡಿಸುತ್ತದೆ, ಬೆನ್ನು ಮಟ್ಟಸವಾಗಿಯೇ ಇರುತ್ತದೆ. ಏರು ಸೊಂಟದ ಮೇಲಿನಿಂದಲೇ ಶುರುವಾಗಬೇಕು. ಸುಲಭದ ದಾರಿ ಹೇಳುತ್ತೇನೆ. ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿಯನ್ನು ಮಂಚದ ತಲೆದೆಸೆಯಲ್ಲಿ ಬೋರಲು ಹಾಕಿ. ಅದರ ಕಾಲುಗಳು ಗೋಡೆ ಕಡೆಗಿರಲಿ. ಒರಗುವ ಭಾಗ ಇಳಿಜಾರಾಗಿ ನಿಲ್ಲುತ್ತದೆ. ಅದು ಜರುಗದ ಹಾಗೆ ಗೋಡೆಗೆ ಒತ್ತಿ, ಮೇಲೆ ದಪ್ಪ ರಗ್ಗು ಹಾಕಿ, ಆಮೇಲೆ ದಿಂಬು ಇಡಿ. ಪೂರ್ತಿ ಮಲಗುವುದಕ್ಕೂ ನೆಟ್ಟಗೆ ಕೂರುವುದಕ್ಕೂ ನಡುವಿನ ಓರೆ ಸಿಕ್ಕಿದರೆ ಸಾಕು. ಮಂಡಿಯ ಕೆಳಗೊಂದು ದಿಂಬಿಟ್ಟರೆ ಕೆಳಕ್ಕೆ ಜಾರುವುದಿಲ್ಲ. ಮನೆಯಲ್ಲಿ ಈಸಿ ಚೇರ್ ಇದ್ದರೆ ಇಷ್ಟೆಲ್ಲ ಬೇಡ.

ತೊಂದರೆಯ ಕಿವಿ ಕೆಳಗಾಗುವ ಮಗ್ಗುಲು ಆ ಎರಡು ರಾತ್ರಿ ಬೇಡ. ನಿದ್ದೆಯಲ್ಲಿ ಹೊರಳುವವರು ಆ ಕಡೆ ಒಂದು ದಿಂಬು ಅಡ್ಡ ಇಟ್ಟುಕೊಳ್ಳಿ. ಆದರೂ ಹೊರಳಿಬಿಟ್ಟರೆ? ಏನೂ ಆಗಿಲ್ಲ ಅಂದುಕೊಂಡು ಮತ್ತೆ ನೇರ ಮಲಗಿ. ಒಂದು ಸಲ ಹೊರಳಿದ್ದಕ್ಕೆ ಚಿಕಿತ್ಸೆಯೇ ಹಾಳಾಯಿತು ಅಂತ ರಾತ್ರಿಯೆಲ್ಲ ಎದ್ದು ಕೂರಬೇಡಿ.

ಕುತ್ತಿಗೆ ಪಟ್ಟಿ ಬೇಡ. ಟವೆಲ್ಲೂ ಬೇಡ.

## ಹಂತ 5: ಹಾಸಿಗೆಯಿಂದ ಏಳುವ ಕ್ರಮ

ಕಣ್ಣು ಬಿಟ್ಟ ಮೇಲೆ ಅರ್ಧ ನಿಮಿಷ ಹಾಗೇ ಇರಿ. ಒಳ್ಳೆಯ ಕಿವಿಯ ಕಡೆಗೆ ನಿಧಾನ ಮಗ್ಗುಲಾಗಿ. ಕಾಲು ಕೆಳಗೆ ಬಿಟ್ಟು, ಕೈ ಊರಿ, ತಲೆ ಮೈ ಒಟ್ಟಿಗೇ ಏಳಲಿ. ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂರಿ. ಆಮೇಲೆ ನಿಲ್ಲಿ, ನಿಂತಲ್ಲೇ ಹತ್ತು ಎಣಿಸಿ, ಹೆಜ್ಜೆ ಇಡಿ.

ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಆ ಎರಡು ನಿಮಿಷ ತಪ್ಪಿಸಲೇಬೇಡಿ. ಎದ್ದು ನಿಂತ ಮೇಲೆ ಕಣ್ಣು ಕತ್ತಲೆ ಬಂದರೆ ಅದು ಬಿ.ಪಿ. ಇಳಿದದ್ದು, ಹರಳಿನದ್ದಲ್ಲ. ಮಲಗಿದಲ್ಲೇ ಕೋಣೆ ಸುತ್ತಿದರೆ ಹರಳಿನದು. ಯಾವಾಗ ಏನಾಯಿತು ಅಂತ ಗಮನಿಸಿದ್ದರೆ ಡಾಕ್ಟರಿಗೆ ಹೇಳುವುದು ಸುಲಭ.

## ಹಂತ 6: ಮೊದಲ ಎರಡು ದಿನದ ಮನೆಗೆಲಸ

ನಡೆಯಿರಿ, ಅಡುಗೆ ಮಾಡಿ, ಟಿ.ವಿ. ನೋಡಿ. ತಲೆ ತೀರಾ ಹಿಂದಕ್ಕೆ ಬಾಗುವುದನ್ನು, ಸೊಂಟದಿಂದ ಬಗ್ಗಿ ತಲೆ ಕೆಳಗಾಗುವುದನ್ನು ಮಾತ್ರ ತಪ್ಪಿಸಿ. ಕೇಳೋಕೆ ಸುಲಭ, ಆದರೆ ನಮ್ಮ ದಿನಚರಿಯಲ್ಲಿ ಇವು ಎಲ್ಲೆಲ್ಲೋ ಅಡಗಿವೆ.

ನೀರು ಕುಡಿಯುವಾಗ ಎಲ್ಲರೂ ಇದನ್ನು ಮರೆಯುತ್ತಾರೆ. ಲೋಟ ಕಚ್ಚದೆ ಎತ್ತಿ ಕುಡಿಯುವ ಅಭ್ಯಾಸ ಇದೆಯಲ್ಲ, ಆಗ ತಲೆ ಪೂರಾ ಹಿಂದಕ್ಕೆ ಹೋಗುತ್ತದೆ. ದಿನಕ್ಕೆ ಎಂಟು ಹತ್ತು ಸಲ! ಒಬ್ಬರಿಗೆ ಊಟ ಆದ ಮೇಲೆ ಮಾತ್ರ ಸುತ್ತು ಬರುತ್ತಿತ್ತು. ಏನು ತಿಂದರು ಅಂತ ಮನೆಯವರೆಲ್ಲ ಲೆಕ್ಕ ಹಾಕುತ್ತಿದ್ದರು. ನನ್ನೆದುರು ತಂಬಿಗೆ ಎತ್ತಿ ಗಟಗಟ ಕುಡಿದು ತೋರಿಸಿದಾಗ ಕಾರಣ ಸಿಕ್ಕಿತು. ಎರಡು ದಿನ ಲೋಟ ಕಚ್ಚಿ ಕುಡಿಯಿರಿ. ಮಾತ್ರೆ ನುಂಗುವಾಗ, ಬಾಯಿ ಮುಕ್ಕಳಿಸುವಾಗ, ಕಣ್ಣಿಗೆ ಡ್ರಾಪ್ಸ್ ಹಾಕುವಾಗಲೂ ಇದೇ ಎಚ್ಚರ ಇರಲಿ.

ಸ್ನಾನಕ್ಕೆ ಸ್ಟೂಲಿನ ಮೇಲೆ ಕೂತು ಭುಜದಿಂದ ಕೆಳಗೆ ನೀರು ಹೊಯ್ದುಕೊಳ್ಳಿ. ತಲೆಗೆ ಸ್ನಾನ, ಎಣ್ಣೆಸ್ನಾನ ಎರಡು ದಿನ ತಡೆಯಲಿ. ಬಗ್ಗಿ ಕೂದಲು ಮುಂದಕ್ಕೆ ಹಾಕಿ ತೊಳೆಯುವುದು ಆಮೇಲೂ ಒಂದು ವಾರ ಬೇಡ. ರಂಗೋಲಿಗೆ ಸೊಂಟ ಬಗ್ಗಿಸುವ ಬದಲು ಮಣೆ ಹಾಕಿಕೊಂಡು ಕೂರಿ. ಕೆಳಗಿನ ಡಬ್ಬಿ ತೆಗೆಯಲು ಮಂಡಿ ಮಡಿಸಿ ಇಳಿಯಿರಿ, ಮುಖ ಎದುರಿಗಿರಲಿ. ಎತ್ತರದ ತಂತಿಗೆ ಬಟ್ಟೆ ಹಾಕುವುದು, ಅಟ್ಟದಿಂದ ಪಾತ್ರೆ ಇಳಿಸುವುದು, ಗಿಡದ ಮೇಲಿನ ಕೊಂಬೆಯ ಹೂ ಕೀಳುವುದು ಬೇರೆಯವರಿಗಿರಲಿ. ಏಣಿ, ಸ್ಟೂಲು ಹತ್ತುವುದನ್ನು ಹಂತ 8ರ ಪರೀಕ್ಷೆ ಮುಗಿಯುವವರೆಗೆ ಬಿಡಿ. ಸಾಷ್ಟಾಂಗ ನಮಸ್ಕಾರದ ಬದಲು ನಿಂತೇ ಕೈ ಮುಗಿಯಿರಿ.

ಹಲ್ಲಿನ ಡಾಕ್ಟರ ಕುರ್ಚಿ, ಬ್ಯೂಟಿ ಪಾರ್ಲರಿನಲ್ಲಿ ತಲೆ ಹಿಂದಕ್ಕೆ ಹಾಕಿ ತೊಳೆಯುವ ಸಿಂಕು, ಇವಕ್ಕೆ ಒಂದು ವಾರದ ನಂತರ ಹೋಗಿ. ಕಟಿಂಗ್ ಶಾಪಿನಲ್ಲಿ ಕುತ್ತಿಗೆ ಹಿಡಿದು ಲಟಕ್ ಅನ್ನಿಸುವುದು ಮಾತ್ರ ಈ ವಾರವೂ ಬೇಡ, ಮುಂದೆಂದೂ ಬೇಡ. ಮಿದುಳಿಗೆ ಹೋಗುವ ರಕ್ತನಾಳ ಅದರಿಂದ ಸೀಳಬಹುದು. ತಲೆಸುತ್ತು ಇರಲಿ ಇಲ್ಲದಿರಲಿ, ಬೇಡ ಅನ್ನಿ.

## ಹಂತ 7: ಮೂರನೇ ದಿನದಿಂದ ಕುತ್ತಿಗೆ ಬಿಡಿಸಿ

ಈ ಹಂತವನ್ನೇ ಜನ ಬಿಡುತ್ತಾರೆ. ಆ ಅಜ್ಜಿ ಸಿಕ್ಕಿಹಾಕಿಕೊಂಡದ್ದೂ ಇಲ್ಲೇ. ಗಿರಗಿರ ಸುತ್ತುವುದು ನಿಂತ ಮೇಲೂ ಕೆಲವು ದಿನ, ಕೆಲವರಿಗೆ ಎರಡು ಮೂರು ವಾರ, ತೆಪ್ಪದ ಮೇಲೆ ನಿಂತ ಹಾಗೆ ತೇಲುತ್ತದೆ. ಅದು ರೋಗ ಉಳಿದಿದೆ ಅಂತಲ್ಲ. ಇಷ್ಟು ದಿನ ತಪ್ಪು ಸುದ್ದಿ ಕೇಳಿ ಕೇಳಿ ಗೊಂದಲಗೊಂಡ ಮಿದುಳು ಮತ್ತೆ ಹೊಂದಿಕೊಳ್ಳಬೇಕು. ತಲೆ ಅಲುಗಿದರೆ ಮಾತ್ರ ಅದು ಹೊಂದಿಕೊಳ್ಳುತ್ತದೆ. ಕಂಬದ ಹಾಗೆ ಕೂತರೆ ತೇಲುವುದು ಇನ್ನೂ ಹೆಚ್ಚು ದಿನ ಎಳೆಯುತ್ತದೆ, ಜೊತೆಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಕುರ್ಚಿಯಲ್ಲಿ ಕೂತು ತಲೆಯನ್ನು ಎಡಕ್ಕೆ ಬಲಕ್ಕೆ ಹತ್ತು ಸಲ, ಮೇಲಕ್ಕೆ ಕೆಳಕ್ಕೆ ಹತ್ತು ಸಲ ನಿಧಾನವಾಗಿ ಆಡಿಸಿ. ದಿನಕ್ಕೆ ಮೂರು ಸಲ. ಆಮೇಲೆ ಹೆಬ್ಬೆರಳನ್ನು ಕೈಚಾಚಿ ಎದುರಿಗೆ ಹಿಡಿದು, ಉಗುರಿನ ಮೇಲೇ ಕಣ್ಣು ನೆಟ್ಟು, ತಲೆಯನ್ನು ಮಾತ್ರ ಅತ್ತಿತ್ತ ಆಡಿಸಿ. ಉಗುರು ಮಸುಕಾಗದಷ್ಟು ನಿಧಾನಕ್ಕೆ ಶುರು ಮಾಡಿ, ದಿನ ಕಳೆದ ಹಾಗೆ ಬೇಗ ಮಾಡಿ. ಸ್ವಲ್ಪ ತೇಲಿದಂತಾದರೆ ಅದು ಕೆಲಸ ಆಗುತ್ತಿರುವ ಗುರುತು. ವಾಂತಿ ಬರುವಷ್ಟು ಆದರೆ ನಿಲ್ಲಿಸಿ, ಮತ್ತೊಂದು ಹೊತ್ತಿಗೆ ಅರ್ಧ ಮಾಡಿ.

ಸಂಜೆ ಮನೆ ಮುಂದೆ ಹತ್ತು ನಿಮಿಷ ನಡೆಯಿರಿ. ನಡೆಯುತ್ತಲೇ ಎಡಗಡೆ ಗೇಟು, ಬಲಗಡೆ ಗಿಡ ಅಂತ ನೋಡುತ್ತಾ ಹೋಗಿ. ಮೂರನೇ ರಾತ್ರಿ ಕುರ್ಚಿ ತೆಗೆದು ಎರಡು ದಿಂಬಿಗೆ ಬನ್ನಿ, ನಾಲ್ಕನೇ ರಾತ್ರಿ ಒಂದಕ್ಕೆ. ಆಮೇಲೆ ಎರಡೂ ಮಗ್ಗುಲು.

ತಲೆಸುತ್ತಿನ ಮಾತ್ರೆಯ ಬಗ್ಗೆ ಒಂದು ಮಾತು. ಅದು ಹರಳನ್ನು ವಾಪಸ್ ಕಳಿಸುವುದಿಲ್ಲ. ವಾಂತಿ, ಸಂಕಟ ತಡೆಯಲು ಒಂದೆರಡು ದಿನಕ್ಕೆ ಸರಿ. ವಾರಗಟ್ಟಲೆ ನುಂಗಿದರೆ ಕೆಲವು ಮಾತ್ರೆಗಳು ಮಂಪರು ತರುತ್ತವೆ, ಮಿದುಳು ಹೊಂದಿಕೊಳ್ಳುವುದನ್ನೂ ನಿಧಾನ ಮಾಡುತ್ತವೆ. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ಕೊಳ್ಳಬೇಡಿ. ಎಷ್ಟು ದಿನ ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.

## ಹಂತ 8: ಏಳನೇ ದಿನ ನೋಡಿಕೊಳ್ಳಿ

ಹಗಲಲ್ಲಿ, ಒಬ್ಬರು ಪಕ್ಕದಲ್ಲಿರುವಾಗ. ಹಾಸಿಗೆಯ ಮೇಲೆ ಒಂದು ದಿಂಬಿಟ್ಟು ಯಾವತ್ತಿನಂತೆ ಮಲಗಿ. ತೊಂದರೆಯ ಕಿವಿಯ ಕಡೆಗೆ ಮಗ್ಗುಲಾಗಿ ಒಂದು ನಿಮಿಷ ಕಾಯಿರಿ. ಎದ್ದು ಕೂತು, ಸ್ವಲ್ಪ ಹೊತ್ತಿನ ನಂತರ ಇನ್ನೊಂದು ಕಡೆ ಮಾಡಿ. ಒಂದೊಂದೇ ಸಲ, ದಿನಕ್ಕೆ ಹತ್ತು ಸಲ ಅಲ್ಲ.

ಸುತ್ತು ಬರದಿದ್ದರೆ ಏಣಿ, ಗಾಡಿ, ಯೋಗ ಎಲ್ಲಕ್ಕೂ ನಿಧಾನವಾಗಿ ಮರಳಿ. ಸೂರ್ಯ ನಮಸ್ಕಾರ ಅರ್ಧ ವೇಗದಲ್ಲಿರಲಿ, ಶೀರ್ಷಾಸನ, ಸರ್ವಾಂಗಾಸನ ಒಂದು ತಿಂಗಳ ನಂತರ ಸಾಕು. ಸುತ್ತು ಬಂದರೆ ಪಕ್ಕದಲ್ಲಿದ್ದವರು ಫೋನಿನಲ್ಲಿ ನಿಮ್ಮ ಕಣ್ಣಿನ ವಿಡಿಯೋ ಮಾಡಲಿ. ಕಣ್ಣು ಮುಚ್ಚಬೇಡಿ. ಕಣ್ಣುಗುಡ್ಡೆ ಯಾವ ಕಡೆಗೆ ತಟತಟ ಹೊಡೆದುಕೊಳ್ಳುತ್ತದೆ ಅನ್ನುವುದರಿಂದಲೇ ಯಾವ ಕಾಲುವೆ ಅಂತ ಡಾಕ್ಟರಿಗೆ ತಿಳಿಯುತ್ತದೆ. ಒಮ್ಮೊಮ್ಮೆ ಹರಳು ಹಿಂದಿನ ಕಾಲುವೆಯಿಂದ ಹೊರಟು ಅಡ್ಡ ಕಾಲುವೆಗೆ ಸೇರಿಕೊಂಡಿರುತ್ತದೆ. ಆಗ ಅದೇ ಎಪ್ಲಿ ಮತ್ತೆ ಮಾಡಿದರೆ ಪ್ರಯೋಜನವಿಲ್ಲ. ಎರಡನೇ, ಮೂರನೇ ಸಲ ಮಾಡಿಸಬೇಕಾಗುವುದು ಅಪರೂಪವೇನಲ್ಲ, ಧೈರ್ಯವಾಗಿ ಹೋಗಿ.

## ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಇವು ಹರಳಿನಿಂದ ಬರುವುದಿಲ್ಲ. ಮಾತು ತೊದಲುವುದು. ಬಾಯಿ ಒಂದು ಕಡೆಗೆ ಎಳೆಯುವುದು. ಒಂದು ಕೈ ಅಥವಾ ಕಾಲಿಗೆ ಬಲ ಇಲ್ಲದಾಗುವುದು, ಜೋಮು ಹಿಡಿಯುವುದು. ಒಂದು ವಸ್ತು ಎರಡಾಗಿ ಕಾಣುವುದು. ಹಿಂದೆಂದೂ ಬಾರದಂಥ ತಲೆನೋವು ಅಥವಾ ಕುತ್ತಿಗೆನೋವು. ಹಿಡಿದುಕೊಂಡರೂ ನಿಲ್ಲಲಾಗದಿರುವುದು. ಪ್ರಜ್ಞೆ ತಪ್ಪುವುದು. ಅಲ್ಲಾಡದೆ ಮಲಗಿದ್ದರೂ ಸುತ್ತು ನಿಲ್ಲದಿರುವುದು.

ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಲಕ್ಷಣ ಶುರುವಾದ ಗಂಟೆ ಬರೆದಿಡಿ. ಪಾರ್ಶ್ವವಾಯುವಾಗಿದ್ದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವಿದೆ. "ಮೊನ್ನೆ ತಾನೇ ಎಪ್ಲಿ ಆಗಿದೆ, ಅದರದ್ದೇ ಇರಬೇಕು" ಅಂತ ನಿಂಬೆಹಣ್ಣಿನ ಪಾನಕ ಕೊಟ್ಟು ಕಾಯಬೇಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೂ ಅದೇ ದಿನ ಇ.ಎನ್.ಟಿ. ಡಾಕ್ಟರಿಗೆ ತೋರಿಸಿ.

## ಹಂತ 9: ತಿಂಗಳ ನಂತರ, ಮತ್ತೆ ಬಂದರೆ

ಐದು ವರ್ಷದೊಳಗೆ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಇದು ಮತ್ತೆ ಬರಬಹುದು. ನೀವು ತಪ್ಪು ಮಗ್ಗುಲಲ್ಲಿ ಮಲಗಿದ್ದರಿಂದಲೇ ಬಂತು ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ವಿಟಮಿನ್ ಡಿ ಕಡಿಮೆ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿ. ಕೊರಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಕೊರತೆ ಇದ್ದವರಿಗೆ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಕೊಟ್ಟಾಗ ಸುತ್ತು ಮರುಕಳಿಸುವುದು ಕಡಿಮೆಯಾಯಿತು. ನಮ್ಮಲ್ಲಿ ಮನೆಯೊಳಗೇ ಇರುವ ಎಷ್ಟೋ ಹೆಂಗಸರಿಗೆ ಈ ಕೊರತೆ ಇರುತ್ತದೆ. ಮಾತ್ರೆಯ ಪ್ರಮಾಣ ಡಾಕ್ಟರ್ ಹೇಳಲಿ.

ಮತ್ತೆ ಬಂದಾಗ ವಿಡಿಯೋ ನೋಡಿ ಮನೆಯಲ್ಲೇ ಎಪ್ಲಿ ಮಾಡಿಕೊಳ್ಳುವ ಆಸೆ ಸಹಜ. ಹೋದ ಸಲ ಬಲಗಿವಿ ಆಗಿದ್ದರೆ ಈ ಸಲವೂ ಬಲಗಿವಿಯೇ ಅಂತ ಹೇಳಲು ಬರುವುದಿಲ್ಲ. ಕುತ್ತಿಗೆ ಮೂಳೆಯ ತೊಂದರೆ, ಕಣ್ಣಿನ ಅಕ್ಷಿಪಟಲದ ತೊಂದರೆ, ಹಿಂದೆ ಪಾರ್ಶ್ವವಾಯು ಆಗಿದ್ದವರು ಒಬ್ಬರೇ ಮಾಡಲೇಬೇಡಿ. ಉಳಿದವರೂ ಒಮ್ಮೆ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಮಾಡುವ ಕ್ರಮವನ್ನು ಡಾಕ್ಟರ್ ಎದುರೇ ಕಲಿತುಕೊಂಡು ಮಾಡಿ.

ಹೋಗುವಾಗ ಹಂತ 1ರಲ್ಲಿ ಬರೆಸಿಕೊಂಡ ಚೀಟಿ ಒಯ್ಯಿರಿ. ಅದರ ಫೋಟೋ ಈಗಲೇ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ. ಕೋಣೆ ಸುತ್ತುವಾಗ ಅಕ್ಷರ ಕಣ್ಣಿಗೆ ನಿಲ್ಲುವುದಿಲ್ಲ, ಓದಿ ಹೇಳಲು ಇನ್ನೊಬ್ಬರು ಬೇಕಾಗುತ್ತದೆ.